ಗರ್ಭಕೊರಳಿನ ಕ್ಯಾನ್ಸರ್: ಜೀನ್ ಪರೀಕ್ಷೆಯ ವರದಿಯನ್ನು ಓದುವ ಬಗೆ

ಗರ್ಭಕೊರಳಿನ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಖಚಿತವಾದ ಮೇಲೆ ಮನೆಯವರ ಕೈಸೇರುವ ಕಡತದಲ್ಲಿ ಈಗೀಗ ಹೊಸ ಬಗೆಯ ಹಾಳೆಗಳು ಕಾಣಿಸುತ್ತಿವೆ. ‘ಎಚ್‌ಪಿವಿ 16’, ‘ಪಿ16 ಪಾಸಿಟಿವ್’, ‘ಪಿಡಿ-ಎಲ್1 ಸಿಪಿಎಸ್ 15’, ‘ಪಿಐಕೆ3ಸಿಎ ಮ್ಯುಟೇಶನ್’ ಎಂಬ ಸಾಲುಗಳನ್ನು ಕಂಡ ಮಕ್ಕಳು ಮೊಬೈಲಿನಲ್ಲಿ ಹುಡುಕಲು ಹೊರಟು, ಅರ್ಥವಾದುದಕ್ಕಿಂತ ಹೆಚ್ಚು ಹೆದರುವುದುಂಟು. ಈ ಸಾಲುಗಳನ್ನು ಯಾವ ಕ್ರಮದಲ್ಲಿ ಓದಬೇಕು, ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು, ವೈದ್ಯರ ಮುಂದೆ ಕೂತಾಗ ಏನು ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಮೊದಲು ರೋಗದ ಹಂತ

ಜೀನ್ ವರದಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಕಡತದಲ್ಲಿ ರೋಗದ ಹಂತವನ್ನು, ಅಂದರೆ ಸ್ಟೇಜನ್ನು, ಬರೆದಿರುವ ಪುಟವನ್ನು ಹುಡುಕಿಕೊಳ್ಳಿ. ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೊ 2018ರಲ್ಲಿ ಪರಿಷ್ಕರಿಸಿದ ಪದ್ಧತಿಯಲ್ಲಿ, ಗಡ್ಡೆ 2 ಸೆಂ.ಮೀ.ಗಿಂತ ಚಿಕ್ಕದೇ, 4 ಸೆಂ.ಮೀ. ಮುಟ್ಟಿದೆಯೇ, ಗರ್ಭಕೊರಳನ್ನು ದಾಟಿ ಅಕ್ಕಪಕ್ಕಕ್ಕೆ ಹರಡಿದೆಯೇ ಎಂಬುದರ ಜೊತೆಗೆ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ. ಕಿಬ್ಬೊಟ್ಟೆಯ ಗ್ರಂಥಿಗಳಲ್ಲಿ ಮಾತ್ರ ರೋಗವಿದ್ದರೆ 3ಸಿ1, ಮಹಾಪಧಮನಿಯ ಪಕ್ಕದ ಗ್ರಂಥಿಗಳಿಗೂ ಏರಿದ್ದರೆ 3ಸಿ2. ಮುಂದೇನಾಗಬಹುದು ಎಂಬುದನ್ನು ಅಂದಾಜು ಮಾಡುವುದರಲ್ಲಿ ಯಾವ ಜೀನ್‌ನ ಗುರುತೂ ಇಂದಿಗೂ ಈ ಪುಟವನ್ನು ಸರಿಗಟ್ಟಿಲ್ಲ. ವಿಕಿರಣ ಚಿಕಿತ್ಸೆಗೆ ಒಳಗಾಗುವವರಲ್ಲಿ ಹಿಮೋಗ್ಲೋಬಿನ್ ಮಟ್ಟದಂಥ ಅಗ್ಗದ ರಕ್ತಪರೀಕ್ಷೆಯ ಫಲಿತಾಂಶಕ್ಕೂ ಮಹತ್ವವಿದೆ. ದುಬಾರಿ ವರದಿಯ ಬೆರಗಿನಲ್ಲಿ ಅದನ್ನು ಮರೆಯಬಾರದು.

2. ಪರೀಕ್ಷೆಯಾದದ್ದು ಯಾರ ಜೀನ್?

ವರದಿಯ ತಲೆಬರಹದ ಬಳಿ ಯಾವ ಮಾದರಿಯನ್ನು ಪರೀಕ್ಷಿಸಲಾಗಿದೆ ಎಂದು ಬರೆದಿರುತ್ತದೆ. ಗರ್ಭಕೊರಳಿನಿಂದ ಉಜ್ಜಿ ತೆಗೆದ ದ್ರವವನ್ನು ಸಾಮಾನ್ಯವಾಗಿ ವೈರಸ್ಸಿನ ಡಿಎನ್‌ಎ ಹುಡುಕಲು ಬಳಸುತ್ತಾರೆ. ಬಯಾಪ್ಸಿಯ ತುಣುಕಿನಿಂದ ಗಡ್ಡೆಯ ಜೀನ್‌ಗಳಲ್ಲಿ ಆಗಿರುವ ಬದಲಾವಣೆ ತಿಳಿಯುತ್ತದೆ. ರಕ್ತದ ಬಿಳಿಕಣಗಳಿಂದ ತಿಳಿಯುವುದು ಹುಟ್ಟಿನಿಂದ ಬಂದ, ತಂದೆತಾಯಿಯಿಂದ ಪಡೆದ ಜೀನ್. ಈ ಮೂರನ್ನು ಬೆರೆಸಿಕೊಂಡರೆ ಅನಗತ್ಯ ಗಾಬರಿ ಹುಟ್ಟುತ್ತದೆ. ಗಡ್ಡೆಯಲ್ಲಿ ಮ್ಯುಟೇಶನ್ ಇದೆ ಎಂದಮಾತ್ರಕ್ಕೆ ಅದು ಮಗಳಿಗೂ ಬಂದಿರುತ್ತದೆ ಎಂದು ಅರ್ಥವಲ್ಲ. ಅಂಥ ಬದಲಾವಣೆಗಳಲ್ಲಿ ಹೆಚ್ಚಿನವು ಗಡ್ಡೆಯೊಳಗೇ ಹುಟ್ಟಿದವು.

3. ವೈರಸ್ಸಿನ ಸಾಲು

ಈ ಕ್ಯಾನ್ಸರಿನ ಬಹುತೇಕ ಪ್ರಕರಣಗಳಿಗೆ ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ, ಸೋಂಕೇ ಮೂಲ. ಅದರ 16 ಮತ್ತು 18ನೇ ಬಗೆಗಳನ್ನು ಗರ್ಭಕೊರಳಿನ ಗಡ್ಡೆಗಳಲ್ಲಿ 1983–84ರಲ್ಲಿ ಗುರುತಿಸಿದ ತಂಡವನ್ನು ಮುನ್ನಡೆಸಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ಎರಡು ಬಗೆಗಳೇ ಜಗತ್ತಿನಲ್ಲಿ ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಕಾರಣ.

ವೈರಸ್ಸಿನ ಇ6 ಎಂಬ ಪ್ರೋಟೀನ್ ನಮ್ಮ ಕೋಶದ ಪಿ53 ಪ್ರೋಟೀನನ್ನು ನಾಶಪಡಿಸಿದರೆ, ಇ7 ಎಂಬುದು ಆರ್‌ಬಿ ಪ್ರೋಟೀನನ್ನು ನಿಷ್ಕ್ರಿಯಗೊಳಿಸುತ್ತದೆ. ಕೋಶವು ಹದ್ದುಮೀರಿ ವಿಭಜಿಸದಂತೆ ತಡೆಯುವ ಕೆಲಸ ಪಿ53 ಮತ್ತು ಆರ್‌ಬಿಗಳದು. ಆರ್‌ಬಿ ಕೆಲಸ ನಿಲ್ಲಿಸಿದಾಗ ಕೋಶದಲ್ಲಿ ಪಿ16 ಎಂಬ ಇನ್ನೊಂದು ಪ್ರೋಟೀನ್ ರಾಶಿಬೀಳುತ್ತದೆ. ಆದ್ದರಿಂದ ‘ಪಿ16 ಪಾಸಿಟಿವ್’ ಎಂಬುದು ವೈರಸ್ಸಿನ ಕೈವಾಡವನ್ನು ಪರೋಕ್ಷವಾಗಿ ತೋರಿಸುವ ಗುರುತು. ಹೊಸ ಕೆಟ್ಟ ಸುದ್ದಿಯೆಂದು ಅದನ್ನು ಓದಬೇಕಿಲ್ಲ. ಎಚ್ಚರ ಬೇಕಾದುದು ಇದಕ್ಕೆ ವಿರುದ್ಧವಾದ ಸಂದರ್ಭದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣವು ಈ ಕ್ಯಾನ್ಸರನ್ನು ಎಚ್‌ಪಿವಿ ಸಂಬಂಧಿತ ಮತ್ತು ಎಚ್‌ಪಿವಿ ಸಂಬಂಧವಿಲ್ಲದ ಎಂದು ಎರಡಾಗಿ ವಿಂಗಡಿಸಿದೆ. ಎರಡನೆಯ ಗುಂಪಿನಲ್ಲಿ, ಅದರಲ್ಲೂ ಜಠರದ ಒಳಪದರವನ್ನು ಹೋಲುವ ಕೋಶಗಳುಳ್ಳ ‘ಗ್ಯಾಸ್ಟ್ರಿಕ್ ಟೈಪ್’ ಅಡಿನೊಕಾರ್ಸಿನೋಮಾದಲ್ಲಿ (ಗ್ರಂಥಿಕೋಶಗಳಲ್ಲಿ ಹುಟ್ಟುವ ಕ್ಯಾನ್ಸರಿನಲ್ಲಿ), ರೋಗ ಹೆಚ್ಚು ಬಿರುಸಾಗಿರುತ್ತದೆ ಮತ್ತು ಚಿಕಿತ್ಸೆಗೆ ಸುಲಭವಾಗಿ ಬಗ್ಗುವುದಿಲ್ಲ.

ಕೆಲವು ವಿಸ್ತೃತ ವರದಿಗಳು ವೈರಸ್ಸಿನ ಡಿಎನ್‌ಎ ಮನುಷ್ಯನ ಡಿಎನ್‌ಎ ಒಳಗೆ ಸೇರಿಕೊಂಡಿದೆ ಎಂದೂ ಹೇಳುತ್ತವೆ. ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯು 228 ಗಡ್ಡೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಚ್‌ಪಿವಿ 18 ಇದ್ದ ಎಲ್ಲ ಗಡ್ಡೆಗಳಲ್ಲೂ, ಎಚ್‌ಪಿವಿ 16 ಇದ್ದವುಗಳಲ್ಲಿ ಶೇ 76ರಲ್ಲೂ ಇಂಥ ಸೇರ್ಪಡೆ ಕಂಡುಬಂದಿತ್ತು. ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇಂದಿಗೂ ಬೆಳೆಯುತ್ತಿರುವ ಹೀಲಾ ಕೋಶಗಳು 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕೊರಳಿನ ಗಡ್ಡೆಯಿಂದ, ಅವರ ಅರಿವಿಗೆ ಬಾರದಂತೆ, ತೆಗೆದವು. ಅವುಗಳಲ್ಲಿ ಎಚ್‌ಪಿವಿ 18 ಸೇರಿಕೊಂಡಿರುವುದು 8ನೇ ಕ್ರೋಮೋಸೋಮಿನಲ್ಲಿ, ಕೋಶವಿಭಜನೆಯನ್ನು ಚುರುಕುಗೊಳಿಸುವ ಎಂವೈಸಿ ಜೀನ್‌ನ ಸಮೀಪ. ವಿಜ್ಞಾನದ ದೃಷ್ಟಿಯಿಂದ ಇದು ಕುತೂಹಲಕರವಾದರೂ, ಸೇರ್ಪಡೆಯ ಜಾಗವನ್ನು ನೋಡಿ ಚಿಕಿತ್ಸೆ ನಿರ್ಧರಿಸುವ ಪದ್ಧತಿ ಇಲ್ಲ. ಈ ಸಾಲನ್ನು ಓದಿ ಮುಂದಕ್ಕೆ ಹೋಗಬಹುದು.

4. ಔಷಧಿಯನ್ನು ಬದಲಿಸುವ ಸಾಲು ಯಾವುದು?

ವರದಿಯಲ್ಲಿ ಎರಡು ಜಾತಿಯ ಗುರುತುಗಳಿರುತ್ತವೆ. ಯಾವ ಚಿಕಿತ್ಸೆ ಕೊಟ್ಟರೂ ರೋಗ ಹೇಗೆ ಸಾಗಬಹುದೆಂದು ಹೇಳುವವು ಕೆಲವು. ನಿರ್ದಿಷ್ಟ ಔಷಧಿ ಫಲ ಕೊಡುವ ಸಾಧ್ಯತೆಯನ್ನು ಹೇಳುವವು ಇನ್ನು ಕೆಲವು. ನನ್ನ ಅಭಿಪ್ರಾಯದಲ್ಲಿ ಕುಟುಂಬವೊಂದು ಹಣ ಮತ್ತು ಗಮನ ಎರಡನ್ನೂ ಮೊದಲು ಕೊಡಬೇಕಾದದ್ದು ಎರಡನೆಯ ಜಾತಿಗೆ.

ಇದಕ್ಕೆ ಒಳ್ಳೆಯ ಉದಾಹರಣೆ ಪಿಡಿ-ಎಲ್1. ನಿಜವಾಗಿ ಇದು ಜೀನ್ ಪರೀಕ್ಷೆಯಲ್ಲ, ಕೋಶಗಳ ಮೇಲಿನ ಒಂದು ಪ್ರೋಟೀನಿಗೆ ಬಣ್ಣ ಹಿಡಿಸಿ ನೋಡುವ ಪರೀಕ್ಷೆ. ಆದರೂ ಸಾಮಾನ್ಯವಾಗಿ ಅದೇ ಕಡತದಲ್ಲಿ ಇರುತ್ತದೆ. ಜೀವಂತ ಕ್ಯಾನ್ಸರ್ ಕೋಶಗಳು 200 ಇದ್ದು, ಬಣ್ಣ ಹಿಡಿದ ಕ್ಯಾನ್ಸರ್ ಕೋಶಗಳು ಹಾಗೂ ಲಿಂಫೋಸೈಟ್, ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ಒಟ್ಟು 30 ಇದ್ದರೆ, 30ನ್ನು 200ರಿಂದ ಭಾಗಿಸಿ 100ರಿಂದ ಗುಣಿಸಿದಾಗ ಬರುವ 15 ಎಂಬುದೇ ಸಿಪಿಎಸ್ ಅಂಕ. ಅಂಕ 15 ಎಂದರೆ ಬದುಕುವ ಸಾಧ್ಯತೆ ಶೇ 15 ಎಂದು ತಿಳಿದು ಕಂಗೆಡಬೇಕಿಲ್ಲ. ಮರುಕಳಿಸಿದ ಅಥವಾ ದೂರದ ಅಂಗಗಳಿಗೆ ಹರಡಿದ ರೋಗದಲ್ಲಿ ಈ ಅಂಕ 1 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಿಮೊಥೆರಪಿಯ ಜೊತೆ ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಿಯನ್ನು ಪರಿಗಣಿಸುತ್ತಾರೆ. 617 ಮಹಿಳೆಯರು ಪಾಲ್ಗೊಂಡ, 2021ರಲ್ಲಿ ಪ್ರಕಟವಾದ ಕೀನೋಟ್-826 ಪ್ರಯೋಗದಲ್ಲಿ, ಇಂಥ ಅಂಕವಿದ್ದವರ ಪೈಕಿ ಆ ಔಷಧಿ ಪಡೆದವರಲ್ಲಿ ಶೇ 53ರಷ್ಟು, ಪಡೆಯದವರಲ್ಲಿ ಸುಮಾರು ಶೇ 42ರಷ್ಟು ಜನ 2 ವರ್ಷಗಳ ಬಳಿಕ ಜೀವಂತವಾಗಿದ್ದರು. ಅಂದರೆ ನೂರರಲ್ಲಿ 11 ಮಂದಿಯಷ್ಟು ವ್ಯತ್ಯಾಸ. ‘ಅಪಾಯ ಮೂರನೇ ಒಂದರಷ್ಟು ಇಳಿಯಿತು’ ಎಂಬ ಮಾತು ಕೇಳಿದಾಗಲೆಲ್ಲ, ನೂರರಲ್ಲಿ ಎಷ್ಟು ಮಂದಿ ಎಂದು ತಿರುಗಿ ಕೇಳುವುದು ಒಳ್ಳೆಯದು.

ಗಡ್ಡೆ ಇನ್ನೂ ಕಿಬ್ಬೊಟ್ಟೆಯ ಆಸುಪಾಸಿನಲ್ಲೇ ಇದ್ದು ಮುಂದುವರಿದ ಹಂತದಲ್ಲಿರುವವರಿಗೆ ವಿಕಿರಣ ಮತ್ತು ಕಿಮೊಥೆರಪಿಯ ಜೊತೆ ಇದೇ ಔಷಧಿಯನ್ನು ಕೊಡಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ಅನುಮತಿಸಿದಾಗ, ಅರ್ಹತೆಯನ್ನು ನಿಗದಿಪಡಿಸಿದ್ದು ಸಿಪಿಎಸ್ ಅಂಕದಿಂದಲ್ಲ, ರೋಗದ ಹಂತದಿಂದ. ಮೊದಲು ಹಂತದ ಪುಟವನ್ನು ನೋಡಿ ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಕೋಶದ ಬೆಳವಣಿಗೆಗೆ ಸಂಬಂಧಿಸಿದ ಪಿಐಕೆ3ಸಿಎ ಎಂಬ ಜೀನ್‌ನ ಮ್ಯುಟೇಶನ್ ಸುಮಾರು ಕಾಲು ಭಾಗ ಗಡ್ಡೆಗಳಲ್ಲಿ ಸಿಗುತ್ತದೆ. ಅದಿದ್ದರೆ ರೋಗ ಕೆಟ್ಟದಾಗಿ ಸಾಗುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳು ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಎಚ್‌ಇಆರ್2 ಎಂಬ ಪ್ರೋಟೀನಿನ ಪರೀಕ್ಷೆಯಲ್ಲಿ 3+ (ಅತಿ ಹೆಚ್ಚಿನ ಮಟ್ಟ) ಬಂದವರಿಗೆ, ಹಿಂದಿನ ಚಿಕಿತ್ಸೆಗಳು ಫಲಿಸದಿದ್ದಾಗ, ಪ್ರತ್ಯೇಕ ಔಷಧಿಯ ದಾರಿ ಇದೆ. ಡಿಎನ್‌ಎಯ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಗಡ್ಡೆಯಲ್ಲಿ ಕೆಟ್ಟಿದೆ ಎಂದು ತಿಳಿಸುವ ‘ಎಂಎಸ್‌ಐ-ಹೈ’ ಎಂಬ ಗುರುತು ಬಂದರೂ ಹಾಗೆಯೇ. ಇವೆರಡೂ ಅಪರೂಪ.

5. ವಂಶದಿಂದ ಬಂದ ಗುರುತು

ಇಲ್ಲಿ ಒಂದು ಹಳೆಯ ಪ್ರಸಂಗ ಪಾಠವಾಗುವಂತಿದೆ. ಪಿ53 ಜೀನ್‌ನ 72ನೇ ಸ್ಥಾನದ ಒಂದು ಸಾಮಾನ್ಯ ರೂಪವನ್ನು ಎರಡೂ ಪ್ರತಿಗಳಲ್ಲಿ ಹೊಂದಿರುವವರಿಗೆ ಈ ಕ್ಯಾನ್ಸರಿನ ಅಪಾಯ ಸುಮಾರು ಏಳು ಪಟ್ಟು ಹೆಚ್ಚು ಎಂಬ ವರದಿ 1998ರಲ್ಲಿ ಪ್ರಖ್ಯಾತ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಹಲವು ದೇಶಗಳಲ್ಲಿ ಅದನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಕೊನೆಗೆ 49 ಅಧ್ಯಯನಗಳ ದತ್ತಾಂಶವನ್ನು ಒಟ್ಟುಗೂಡಿಸಿ 2009ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ, ಗುಣಮಟ್ಟದ ಅಧ್ಯಯನಗಳನ್ನು ಮಾತ್ರ ಗಣನೆಗೆ ತೆಗೆದುಕೊಂಡಾಗ ಆ ಸಂಬಂಧವೇ ಉಳಿಯಲಿಲ್ಲ. ಹೊಸ ಜೀನ್ ಪತ್ತೆಯಾಯಿತೆಂಬ ಸುದ್ದಿ ಓದಿದಾಗ, ಬೇರೆ ಊರಿನ ಬೇರೆ ರೋಗಿಗಳಲ್ಲಿ ಅದು ಮತ್ತೆ ಕಂಡಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಅದನ್ನು ಚಿಕಿತ್ಸೆಯ ಮಾತಾಗಿ ತೆಗೆದುಕೊಳ್ಳಬಾರದು.

ನಿಜಕ್ಕೂ ವಂಶದ ಕಡೆ ನೋಡಬೇಕಾದ ಅಪರೂಪದ ಸಂದರ್ಭವೆಂದರೆ ಎಸ್‌ಟಿಕೆ11 ಜೀನ್‌ನ ದೋಷದಿಂದ ಬರುವ ಪ್ಯೂಟ್ಸ್–ಜೆಗರ್ಸ್ ಸಿಂಡ್ರೋಮ್. ತುಟಿಗಳ ಮೇಲೆ ಕಪ್ಪು ಚುಕ್ಕೆಗಳು, ಕರುಳಿನಲ್ಲಿ ಪಾಲಿಪ್ ಎಂಬ ಸಣ್ಣ ಗಂಟುಗಳು ಇರುವ ಈ ಕುಟುಂಬಗಳಲ್ಲಿ ಮೇಲೆ ಹೇಳಿದ ಗ್ಯಾಸ್ಟ್ರಿಕ್ ಟೈಪ್ ಕ್ಯಾನ್ಸರಿನ ಅಪಾಯ ಹೆಚ್ಚು. ಉಳಿದಂತೆ ರೋಗಿಯ ಹೆಣ್ಣುಮಕ್ಕಳಿಗೆ ಬೇಕಾದದ್ದು ಎಚ್‌ಪಿವಿ ಲಸಿಕೆ ಮತ್ತು ವಯಸ್ಸಿಗೆ ತಕ್ಕ ತಪಾಸಣೆ.

6. ಚಿಕಿತ್ಸೆ ಮುಗಿದ ಮೇಲೆ

ಗಡ್ಡೆಯಿಂದ ರಕ್ತಕ್ಕೆ ಸೋರುವ ಎಚ್‌ಪಿವಿ ಡಿಎನ್‌ಎ ಚೂರುಗಳನ್ನು ಅಳೆಯುವ ಪರೀಕ್ಷೆ ಸಂಶೋಧನೆಯಲ್ಲಿ ಭರವಸೆ ಮೂಡಿಸಿದೆ. ರೋಗಿಗಳ ಬಾಯಲ್ಲಿ ‘ಕರೆಂಟ್’ ಎನಿಸಿಕೊಂಡ ವಿಕಿರಣ ಚಿಕಿತ್ಸೆ ಮುಗಿದ ಮೇಲೂ ಈ ಚೂರುಗಳು ಉಳಿದಿದ್ದವರಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಆದರೆ ಆ ಫಲಿತಾಂಶವನ್ನು ನೋಡಿ ಚಿಕಿತ್ಸೆ ಬದಲಿಸಿದರೆ ಆಯುಷ್ಯ ಹೆಚ್ಚುತ್ತದೆಂದು ಇನ್ನೂ ಸಾಬೀತಾಗಿಲ್ಲ. ಹಾಗಾಗಿ ಯಾರಾದರೂ ಈ ಪರೀಕ್ಷೆಯನ್ನು ಸೂಚಿಸಿದರೆ, ದುಡ್ಡು ಕಟ್ಟುವ ಮೊದಲು ‘ಇದರ ಫಲಿತಾಂಶ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ, ಡಾಕ್ಟ್ರೇ?’ ಎಂದು ಕೇಳಿ. ಎರಡಕ್ಕೂ ಒಂದೇ ಉತ್ತರ ಬಂದರೆ ಪರೀಕ್ಷೆಯನ್ನು ಸದ್ಯಕ್ಕೆ ಬಿಡಬಹುದು.

7. ಬ್ಲಾಕ್ ಮತ್ತು ಸ್ಲೈಡ್

ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಪ್ರಯೋಗಾಲಯದಲ್ಲಿ ಇರುತ್ತದೆ. ಬೇರೆ ಆಸ್ಪತ್ರೆಗೆ ಹೋಗುವಾಗ ವರದಿಯ ಜೊತೆ ಬ್ಲಾಕ್ ಮತ್ತು ಸ್ಲೈಡ್‌ಗಳನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಇಲ್ಲದಿದ್ದರೆ ಪರೀಕ್ಷೆಗಾಗಿ ಮತ್ತೊಮ್ಮೆ ಬಯಾಪ್ಸಿ ಮಾಡಬೇಕಾಗಿ ಬರಬಹುದು. ಮೇಣ ಕರಗದಂತೆ ಬಿಸಿಲಿನಿಂದ ದೂರವಿಡಿ. ಬ್ಲಾಕ್ ಹಲವು ವರ್ಷ ಹಳೆಯದಾಗಿದ್ದರೆ ಪಿಡಿ-ಎಲ್1 ಬಣ್ಣ ಸರಿಯಾಗಿ ಹಿಡಿಯದೆ ಅಂಕ ಕಡಿಮೆ ಬರಬಹುದಾದ್ದರಿಂದ, ರೋಗ ಮರುಕಳಿಸಿದಾಗ ಹೊಸ ತುಣುಕು ಬೇಕೇ ಎಂಬುದನ್ನು ತುಣುಕನ್ನು ಪರೀಕ್ಷಿಸುವ ಪೆಥಾಲಜಿಸ್ಟರೊಡನೆ ಮಾತನಾಡಿ ನಿರ್ಧರಿಸುವಂತೆ ವೈದ್ಯರನ್ನು ಕೋರಿ.