ಎನ್‌ಎಸ್‌ಎಸ್ ಸರ್ಟಿಫಿಕೇಟ್ ಸಿಕ್ಕ ಮೇಲೂ ಹುಡುಗರು ಬರ್ತಾ ಇರ್ಬೇಕು ಅಂದ್ರೆ ಏನ್ ಮಾಡ್ಬೇಕು

ಕಾಲೇಜಲ್ಲಿ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಜವಾಬ್ದಾರಿ ಹೊಸದಾಗಿ ತಲೆಗೆ ಬಂದಿರೋ ಲೆಕ್ಚರರ್‌ಗಳಿಗೆ ಇದು. 1969ರಲ್ಲಿ ಗಾಂಧಿ ಶತಮಾನೋತ್ಸವದ ಹೊತ್ತಿಗೆ 37 ಯೂನಿವರ್ಸಿಟಿಗಳಲ್ಲಿ ಶುರುವಾದ ಸ್ಕೀಮು, ಲೆಕ್ಕ ಸಿಂಪಲ್ಲು, ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ಕ್ಯಾಂಪು. ಗಂಟೆ ತುಂಬ್ತು, ಸರ್ಟಿಫಿಕೇಟ್ ಬಂತು, ಹುಡುಗರು ನಾಪತ್ತೆ. ಬೆಂಗಳೂರಲ್ಲಿ ಪಾಠ ಮಾಡ್ಕೊಂಡು ಇದನ್ನ ಸುಮಾರು ಸಲ ನೋಡಿದೀನಿ.

ಮೊದಲು ಜಾಗ ಹತ್ತಿರ ಇರ್ಲಿ. ಕ್ಲಾಸ್ ಮುಗಿಸ್ಕೊಂಡು ಒಂದೇ ಬಿಎಂಟಿಸಿ ಬಸ್ಸಲ್ಲಿ ಹೋಗೋಕಾಗಲ್ವಾ, ಆ ಜಾಗ ಬಿಟ್ಬಿಡಿ. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸಿ ಸಮಾಜಸೇವೆ ಮಾಡೋ ಉತ್ಸಾಹ ಎರಡನೇ ಶನಿವಾರಕ್ಕೇ ಇಳಿಯುತ್ತೆ.

ಆಮೇಲೆ, ಕೊಡೋಕ್ ಮುಂಚೆ ಕೇಳಿ. ಇದನ್ನ ನಾನು ಕಲ್ತಿದ್ದು ಬೀರು ಮುಂದೆ. ಒಂದು ಸರ್ಕಾರಿ ಶಾಲೆಗೆ ಇನ್ನೂರು ಪುಸ್ತಕ ಕೊಟ್ಟು, ಬ್ಯಾನರ್ ಹಿಡ್ಕೊಂಡು ಫೋಟೋ ತೆಗೆಸ್ಕೊಂಡು ಬಂದಿದ್ವಿ, ಆರು ತಿಂಗಳು ಬಿಟ್ಟು ಹೋಗಿ ನೋಡಿದ್ರೆ ಅಷ್ಟೂ ಪುಸ್ತಕ ಬೀರು ಒಳಗೆ, ಬೀರುಗೆ ಬೀಗ, ಬೀಗದ ಕೈ ಎಚ್‌ಎಂ ಮೇಡಂ ವ್ಯಾನಿಟಿ ಬ್ಯಾಗಲ್ಲಿ. ನಮ್ಮ ಹುಡುಗರಿಗೆ ಸಿಟ್ಟು ನೆತ್ತಿಗೇರಿತ್ತು. ಬಿಕಾಂ ಹುಡುಗಿ ಒಬ್ಳು ಮಾತ್ರ ಪಕ್ಕದಲ್ಲಿ ಕೂತು ಯಾಕೆ ಮೇಡಂ ಅಂತ ಕೇಳಿದ್ಲು. ಅವರು ಸ್ಟಾಕ್ ರಿಜಿಸ್ಟರ್ ತೆಗೆದು ತೋರಿಸಿ, "ಒಂದು ಕಳೆದ್ರೂ ಆಡಿಟ್‌ನಲ್ಲಿ ನನ್ನ ತಲೆಗೆ ಬರುತ್ತೆ ಕಣಮ್ಮ, ರಿಟೈರ್ ಆಗೋಕೆ ಇನ್ನೆರಡು ವರ್ಷ" ಅಂದ್ರು. ಮುಂದಿನ ಶನಿವಾರ ಇವಳು ಒಂದು ಲಾಂಗ್ ನೋಟ್‌ಬುಕ್ ತಂದು ಗೆರೆ ಹಾಕಿದ್ಲು, ಮಗು ಹೆಸರು, ಪುಸ್ತಕ, ತಗೊಂಡ ದಿನ, ಕೊಟ್ಟ ದಿನ. ಏಳನೇ ಕ್ಲಾಸಿನ ಇಬ್ಬರು ಹುಡುಗೀರಿಗೆ ಇನ್‌ಚಾರ್ಜು, ವಾರಕ್ಕೊಂದ್ಸಲ ರಿಜಿಸ್ಟರ್ ಜೊತೆ ಟ್ಯಾಲಿ ಮಾಡಿ ಮೇಡಂ ಸೈನು, ಕಳೆದ್ರೆ ಅದೇ ಪುಸ್ತಕ ನಾವು ತಂದ್ಕೊಡ್ತೀವಿ ಅನ್ನೋ ಮಾತು. ಬೀಗದ ಕೈ ಬಂತು.

ನಾವೇನೋ ಎಳಸು ಅನ್ಕೋಬೇಡಿ. ಐಐಎಸ್‌ಸಿಯಲ್ಲಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಅಸ್ತ್ರ ಅಂತ ಶುರು ಮಾಡಿದ್ರಲ್ಲ, ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕೋಕೆ, ಅವರೂ ಕುಣಿಗಲ್ ಕಡೆ ಪುರ ಅನ್ನೋ ಊರಲ್ಲಿ ಮೊದಲು ಅಡುಗೆಗೆ ಅಂತಾನೇ ಗೋಬರ್ ಗ್ಯಾಸ್ ಪ್ಲ್ಯಾಂಟ್ ಹಾಕಿದ್ರು, ಎಲ್ಲರ ಒಲೆಗೂ ಆಗೋವಷ್ಟು ಸಗಣಿನೇ ಸಿಗ್ಲಿಲ್ಲ, ಊರವರಿಗೆ ಬೇಕಾಗಿದ್ದು ನೀರು. ಕೊನೆಗೆ ಅದೇ ಗ್ಯಾಸಲ್ಲಿ ಎಂಜಿನ್ ಓಡಿಸಿ ಕರೆಂಟ್ ಮಾಡಿ, ಬೋರ್‌ವೆಲ್ ನೀರು ನಲ್ಲಿಗೆ ಬರೋ ಹಾಗೆ ಮಾಡಿದ್ರು. ವಿಜ್ಞಾನಿಗಳೇ ಪ್ಲ್ಯಾನ್ ತಿರುಗಿಸಿದಾರೆ, ನಮಗೇನು ನಾಚಿಕೆ.

ಓದ್ತಾ ಇರೋ ಸಬ್ಜೆಕ್ಟಿಗೂ ಕೆಲಸಕ್ಕೂ ಗಂಟು ಹಾಕಿ. ಆ ಹುಡುಗಿ ಉಳ್ಕೊಂಡಿದ್ದು ಸೇವೆ ಸೇವೆ ಅಂತ ನಾನು ಕೊರೆದಿದ್ದಕ್ಕಲ್ಲ, ಅಕೌಂಟ್ಸ್ ಕ್ಲಾಸಿನ ವಿದ್ಯೆ ಅಲ್ಲಿ ನಡೀತು, ಅದಕ್ಕೆ. ಕೆಮಿಸ್ಟ್ರಿ ಹುಡುಗರನ್ನ ಕೆರೆ ನೀರು ಟೆಸ್ಟ್ ಮಾಡೋಕೆ ಹಾಕಿ, ಕನ್ನಡ ಎಂಎ ಹುಡುಗರಿಗೆ ಅರ್ಜಿ ಬರ್ಕೊಡೋ ಕೆಲಸ. ಎಲ್ಲರ ಕೈಲೂ ಪೊರಕೆ ಕೊಟ್ಟು ನಿಲ್ಲಿಸೋದು ಸೋಮಾರಿತನ, ನಮ್ಮದು.

ಪ್ರತಿ ಸಲ ಅರ್ಧ ಪುಟ ಬರೆಸಿ, ಇವತ್ತು ನಾನು ತಪ್ಪು ತಿಳ್ಕೊಂಡಿದ್ದು ಏನು ಅಂತ. ಚಾಟ್‌ಜಿಪಿಟಿ ಹತ್ರ ಬರೆಸಿದ್ರೆ ಗೊತ್ತಾಗುತ್ತೆ ಬಿಡಿ, ಅದರಲ್ಲಿ ಯಾರ ವ್ಯಾನಿಟಿ ಬ್ಯಾಗೂ ಇರಲ್ಲ.

ಇಂಟರ್ನಲ್ಸ್ ಟೈಮಲ್ಲಿ ಯಾರೂ ಬರಲ್ಲ, ಅದನ್ನ ಶಾಲೆಗೆ ಮೊದಲೇ ಹೇಳ್ಬಿಡಿ, ಮಕ್ಕಳು ಗೇಟ್ ಹತ್ರ ಕಾಯೋ ಹಾಗೆ ಮಾಡ್ಬೇಡಿ. ಫೈನಲ್ ಇಯರ್‌ನವರು ಹೋಗೋಕ್ ಮುಂಚೆ ಒಂದಿಬ್ಬರು ಜೂನಿಯರ್‌ಗಳನ್ನ ಕರ್ಕೊಂಡೋಗಿ ಎಚ್‌ಎಂಗೆ ಪರಿಚಯ ಮಾಡಿಸ್ಲಿ, ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ರೆ ಸಾಲದು.

ಆ ಬಿಕಾಂ ಹುಡುಗಿ ಈಗ ಮಾನ್ಯತಾ ಟೆಕ್ ಪಾರ್ಕ್ ಕಡೆ ಕೆಲಸದಲ್ಲಿದಾಳೆ. ಹೋದ ತಿಂಗಳು ಮೆಸೇಜ್ ಬಂತು, "ಸರ್, ಮೂರನೇ ನೋಟ್‌ಬುಕ್ಕೂ ತುಂಬೋಗಿದೆ, ಅವೆನ್ಯೂ ರೋಡಲ್ಲಿ ಒಂದು ದಪ್ಪಂದು ತಗೊಂಡ್ ಬರ್ತೀನಿ, ಜೂನಿಯರ್ಸ್‌ಗೆ ಹೇಳಿ."