ಅಳಿವೆಯ ರಕ್ಷಣೆಯನ್ನು ತೋಟದ ತೋಡಿನಿಂದ ಆರಂಭಿಸುವುದು ಹೇಗೆ?

ಹೊಳೆ ಕಡಲನ್ನು ಸೇರುವ ಅಳಿವೆಯ ನೀರು ಹಸುರುಗಟ್ಟಿ ಪಾಚಿ ತೇಲತೊಡಗಿದಾಗ ನಾವು ಕಡಲಿನತ್ತ ನೋಡುತ್ತೇವೆ. ಕಾರಣವಾದರೋ ಹೆಚ್ಚಾಗಿ ಮೇಲಿನ ತೋಟ, ಹಟ್ಟಿ, ಬಚ್ಚಲುಗಳಲ್ಲಿರುತ್ತದೆ. ಕುಂಬಳೆ, ಶಿರಿಯ, ಉಪ್ಪಳದಂತಹ ನಮ್ಮ ಕಾಸರಗೋಡಿನ ಹೊಳೆಗಳು ಚಿಕ್ಕವು, ಆದ್ದರಿಂದ ತೋಟದ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಬಿದ್ದದ್ದು ಮಳೆಗಾಲದಲ್ಲಿ ಬೇಗನೆ ಅಳಿವೆ ಸೇರುತ್ತದೆ. ಅದರಲ್ಲಿರುವ ಸಾರಜನಕ ಮತ್ತು ರಂಜಕವೇ ಪಾಚಿಗೆ ಆಹಾರ. ಪಾಚಿ ಹಗಲಿನಲ್ಲಿ ಆಮ್ಲಜನಕವನ್ನು ಬಿಟ್ಟರೂ ರಾತ್ರಿ ಅದನ್ನೇ ಹೀರುತ್ತದೆ, ಸತ್ತು ಕೊಳೆಯುವಾಗ ನೀರಿನಲ್ಲಿ ಉಳಿದದ್ದನ್ನೂ ಮುಗಿಸುತ್ತದೆ. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಉಸಿರುಗಟ್ಟಿದ ಲಕ್ಷಣ.

ಮೊದಲು ಮಣ್ಣನ್ನು ಪರೀಕ್ಷೆ ಮಾಡಿಸಿ, ಅಗತ್ಯವಿರುವಷ್ಟೇ ಗೊಬ್ಬರ ಕೊಡಬೇಕು. ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ಅದನ್ನು ಎರಡು ಕಂತುಗಳಲ್ಲಿ, ಜಡಿಮಳೆಯ ದಿನಗಳನ್ನು ಬಿಟ್ಟು, ಬುಡದ ಸುತ್ತ ಹಾಕಿ ಮಣ್ಣು ಮತ್ತು ಸೊಪ್ಪಿನಿಂದ ಮುಚ್ಚಬೇಕು. ತೊಳೆದುಹೋದ ಗೊಬ್ಬರದಿಂದ ಮರಕ್ಕೂ ಲಾಭವಿಲ್ಲ.

ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಬಗ್ಗೆ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅದರಲ್ಲಿರುವ ಮೈಲುತುತ್ತಿನ ತಾಮ್ರವು ಮೀನುಮರಿಗಳಿಗೂ ಸಿಗಡಿಗಳಿಗೂ ವಿಷ. ಒಂದು ದಿನಕ್ಕೆ ಬೇಕಾದಷ್ಟನ್ನೇ ತಯಾರಿಸಿ; ಡ್ರಮ್ಮು, ಪೈಪುಗಳನ್ನು ತೋಡಿನಲ್ಲಿ ತೊಳೆಯಬೇಡಿ. ತೊಳೆದ ನೀರನ್ನು ಬಾವಿ ಮತ್ತು ತೋಡುಗಳಿಂದ ದೂರ, ತೋಟದ ಒಳಗೇ ಹರಡಿ ಚೆಲ್ಲಬೇಕು. ಇದೇ ಕಾರಣಕ್ಕೆ ಕೆರೆಯ ಪಾಚಿಯನ್ನು ಮೈಲುತುತ್ತು ಹಾಕಿ ಕೊಲ್ಲುವ ಸುಲಭದ ದಾರಿಯನ್ನೂ ಹಿಡಿಯಬಾರದು. ಪಾಚಿಯನ್ನು ಬಲೆಯಿಂದ ಎಳೆದು ತೆಗೆದು, ನೀರು ಮತ್ತೆ ಕೆರೆಗಿಳಿಯದ ಜಾಗದಲ್ಲಿ ಕಾಂಪೋಸ್ಟ್ ಮಾಡುವುದು ಒಳ್ಳೆಯದು.

ಹಟ್ಟಿಯ ಸೆಗಣಿನೀರು ಗೊಬ್ಬರಗುಂಡಿಗೆ ಅಥವಾ ಗೋಬರ್ ಗ್ಯಾಸ್ ಘಟಕಕ್ಕೆ, ಬಚ್ಚಲ ನೀರು ಬಾಳೆಯ ಬುಡಕ್ಕೆ ಹೋಗಲಿ. ಮುರಕಲ್ಲಿನ ನೆಲದಲ್ಲಿ ನೀರು ಬೇಗನೆ ಇಳಿಯುವುದರಿಂದ ಶೌಚಗುಂಡಿ ಬಾವಿಗೆ ಹತ್ತಿರವಿರಬಾರದು. ಪ್ಲಾಸ್ಟಿಕ್ಕನ್ನು ಮನೆಮನೆಯ ಕಸ ಸಂಗ್ರಹಿಸುವ ಪಂಚಾಯತಿನ ಹರಿತ ಕರ್ಮ ಸೇನೆಗೆ ಒಪ್ಪಿಸಿದರಾಯಿತು.

ತೋಡಿನ ಇಕ್ಕೆಲಗಳಲ್ಲಿ ಹುಲ್ಲು, ಪೊದೆ, ಮುಂಡುಗಗಳನ್ನು ಕಡಿಯದೆ ಬಿಟ್ಟರೆ, ಅವು ಕೊಚ್ಚಿಬರುವ ಮಣ್ಣನ್ನೂ ಗೊಬ್ಬರವನ್ನೂ ತಡೆದು ನಿಲ್ಲಿಸುತ್ತವೆ. ಅಳಿವೆಯಲ್ಲಿ ಆ ಕೆಲಸವನ್ನು ಮಾಡುವುದು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಕಾಂಡ್ಲಾ ಕಾಡುಗಳಿಗೂ ಕಡಲಾಮೆ ಮೊಟ್ಟೆಯಿಡುವ ತಾಣಗಳಿಗೂ ರಕ್ಷಣೆ ನೀಡಿದೆ. ಸುಳ್ಯದ ಕಡೆಯಿಂದ ಬರುವ ಪಯಸ್ವಿನಿಯ ನೀರು ಸೇರುವ ಚಂದ್ರಗಿರಿಯಲ್ಲಿ, ಜಗತ್ತಿನಲ್ಲೇ ತೀರಾ ಅಪರೂಪವಾದ ದೈತ್ಯ ಮೃದುಚಿಪ್ಪಿನ ಆಮೆ ಇಂದಿಗೂ ಬದುಕಿದೆ. ಅದು ಮೊಟ್ಟೆಯಿಡುವುದು ಹೊಳೆಯ ಮರಳಿನಲ್ಲಿ. ಹೀಗಿರುವಾಗ ದಡದ ಮರಳು ತೆಗೆಯುವುದು, ಅಲ್ಲಿ ಕಸ ಸುರಿಯುವುದು ಕೂಡಲೇ ನಿಲ್ಲಬೇಕಾದ ಕೆಲಸಗಳು.

ಇಷ್ಟಾಗಿಯೂ ಮೀನುಗಳು ಸತ್ತು ತೇಲಿದರೆ ಅವುಗಳನ್ನು ತಿನ್ನಬಾರದು, ದನಗಳಿಗೆ ಆ ನೀರು ಕುಡಿಸಬಾರದು. ಸ್ಥಳ, ದಿನಾಂಕ, ಹೊತ್ತು, ನೀರಿನ ಬಣ್ಣ ಮತ್ತು ವಾಸನೆಯನ್ನು ಬರೆದಿಟ್ಟು, ಫೋಟೊ ತೆಗೆದು, ಪಂಚಾಯತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅದೇ ದಿನ ಲಿಖಿತವಾಗಿ ತಿಳಿಸಬೇಕು. ಮಳೆ ಬಂದು ಹೊಳೆ ತುಂಬಿದರೆ ನೀರಿನ ಮಾದರಿಯಲ್ಲಿ ಪುರಾವೆ ಉಳಿಯುವುದಿಲ್ಲ.