ಅಳತೆ ಪುಸ್ತಕದಲ್ಲಿ ಅಮ್ಮನಿಗೂ ಒಂದು ಪುಟ: ಸ್ತನ ತಪಾಸಣೆ ಮಾಡಿಸಿಕೊಳ್ಳುವುದು ಹೇಗೆ?

ದಸರಾ ಮುಗಿದು ಬೆಳಗಿನ ಚಳಿ ಶುರುವಾಯಿತೆಂದರೆ ನಿಟ್ಟಿಂಗ್ ಮಾಡುವವರ ಮನೆಯಲ್ಲಿ ಉಲ್ಲನ್ ಉಂಡೆಗಳು ಹೊರಗೆ ಬರುತ್ತವೆ. ಮೊಮ್ಮಗುವಿಗೆ ಕುಲಾವಿ, ಮಗನಿಗೆ ಸ್ವೆಟರ್, ಊರಿನಲ್ಲಿರುವ ಅತ್ತೆಗೆ ಶಾಲು. ತಿಂಡಿ, ಟಿಫಿನ್ ಡಬ್ಬಿ, ಪಾತ್ರೆ, ಬಟ್ಟೆ ಎಲ್ಲ ಮುಗಿಸಿ ಮಧ್ಯಾಹ್ನ ಕೂತರೆ ನಾಲ್ಕು ಸಾಲು ಆಗುತ್ತದೆ. ಸಂಜೆ ಕುಕ್ಕರ್ ಕೂಗುವವರೆಗೆ ಇನ್ನೆರಡು. ನಾನೂ ಹೀಗೇ ಹೆಣೆಯುವವಳು. ನನ್ನಂಥವರ ಹತ್ತಿರ ಒಂದು ಹಳೆ ನೋಟ್‌ಬುಕ್ ಇದ್ದೇ ಇರುತ್ತದೆ. ಯಾರ ಎದೆ ಸುತ್ತಳತೆ ಎಷ್ಟು, ತೋಳಿನ ಉದ್ದ ಎಷ್ಟು, ಯಾವ ನಂಬರಿನ ಕಡ್ಡಿಯಲ್ಲಿ ಎಷ್ಟು ಕುಣಿಕೆ ಹಾಕಿದ್ದೆ, ಎಲ್ಲ ಅದರಲ್ಲಿ ಬರೆದಿರುತ್ತದೆ. ಮನೆಯವರೆಲ್ಲರಿಗೂ ಒಂದೊಂದು ಪುಟ. ಹೆಣೆಯುವವಳಿಗೆ ಮಾತ್ರ ಇಲ್ಲ.

ಈ ಬರಹ ಆ ಪುಟದ ಬಗ್ಗೆ. ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳೂ ಹೌದು. ದೇಶ ದೇಶಗಳ ಕ್ಯಾನ್ಸರ್ ಲೆಕ್ಕ ಇಡುವ ಗ್ಲೋಬೋಕ್ಯಾನ್‌ನ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಈ ಕಾಯಿಲೆ ಹೊಸದಾಗಿ ಬಂತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ನಮ್ಮ ದೇಶದ ಹೆಂಗಸರಲ್ಲಿ ಕಾಣುವ ಕ್ಯಾನ್ಸರ್‌ಗಳಲ್ಲಿ ಈಗ ಇದೇ ಎಲ್ಲಕ್ಕಿಂತ ಜಾಸ್ತಿ.

ಇದರ ದೊಡ್ಡ ಮೋಸ ಏನೆಂದರೆ, ಶುರುವಿನಲ್ಲಿ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ನೋವಿದ್ದರೆ ಯಾರಾದರೂ ಡಾಕ್ಟರ ಹತ್ತಿರ ಓಡುತ್ತಾರೆ. ನೋವಿಲ್ಲದ ಗಂಟನ್ನು ‘ಮಗಳ ಪರೀಕ್ಷೆ ಮುಗಿಯಲಿ’, ‘ಹಬ್ಬ ಕಳೆಯಲಿ’ ಅಂತ ಮುಂದಕ್ಕೆ ಹಾಕುತ್ತಾರೆ. ಆ ಕಾಯುವಿಕೆಯ ಬೆಲೆ ಎಷ್ಟು ಎನ್ನುವುದಕ್ಕೆ ನಮ್ಮ ದೇಶದ್ದೇ ಲೆಕ್ಕ ಇದೆ. 2012ರಿಂದ 2015ರ ನಡುವೆ ಕಾಯಿಲೆ ಪತ್ತೆಯಾದವರನ್ನು ದೇಶದ 11 ಕ್ಯಾನ್ಸರ್ ನೋಂದಣಿ ಕೇಂದ್ರಗಳು ಗಮನಿಸಿದವು. ಕಾಯಿಲೆ ಸ್ತನದಲ್ಲಷ್ಟೇ ಇದ್ದಾಗ ಸಿಕ್ಕಿಬಿದ್ದಿದ್ದರೆ ಐದು ವರ್ಷದ ನಂತರವೂ 100ರಲ್ಲಿ 81 ಮಂದಿ ಬದುಕಿದ್ದರು. ಬೇರೆ ಅಂಗಗಳಿಗೆ ಹರಡಿದ ಮೇಲೆ ಸಿಕ್ಕಿದ್ದರೆ ಕೇವಲ 18 ಮಂದಿ. ಹಾಗಾಗಿ ಏನೂ ತೊಂದರೆ ಇಲ್ಲದಿರುವಾಗಲೇ ತಪಾಸಣೆಗೆ ಹೋಗಬೇಕು.

ಮೊದಲ ಹೆಜ್ಜೆ: ನಿಮ್ಮ ಪುಟ ಬರೆಯಿರಿ

ಅಳತೆ ಪುಸ್ತಕದಲ್ಲಿ ಒಂದು ಖಾಲಿ ಪುಟ ತೆಗೆದು ನಿಮ್ಮ ವಯಸ್ಸು, ಮುಟ್ಟಿನ ತಾರೀಖು, ಮುಟ್ಟು ನಿಂತಿದ್ದರೆ ನಿಂತ ವರ್ಷ ಬರೆದಿಡಿ. ಅದರ ಕೆಳಗೆ ಮನೆತನದ ವಿಷಯ. ಅಮ್ಮ, ಅಜ್ಜಿ, ಅಕ್ಕತಂಗಿಯರು, ಚಿಕ್ಕಮ್ಮ ದೊಡ್ಡಮ್ಮಂದಿರು, ಇವರಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತಾ? ಆಗಿದ್ದರೆ ಯಾವ ವಯಸ್ಸಿನಲ್ಲಿ? ಸೋದರತ್ತೆಯರನ್ನು ಮರೆಯಬೇಡಿ. ಇದಕ್ಕೆ ಕಾರಣವಾಗುವ ಬಿಆರ್‌ಸಿಎ ವಂಶವಾಹಿಯ ದೋಷ ಅಪ್ಪನ ಕಡೆಯಿಂದಲೂ ಬರುತ್ತದೆ. ಹಿಂದಿನವರು ಕ್ಯಾನ್ಸರ್ ಎನ್ನುವ ಮಾತನ್ನೇ ಆಡುತ್ತಿರಲಿಲ್ಲ. ‘ಎದೆ ಹುಣ್ಣಾಗಿತ್ತು’, ‘ಆಪರೇಷನ್ ಆಗಿತ್ತು’ ಅಂತಷ್ಟೇ ಹೇಳಿರಬಹುದು. ಸ್ವಲ್ಪ ಕೆದಕಿ ಕೇಳಿ.

ಅಮ್ಮನಿಗೆ 45ರಲ್ಲಿ ಕಾಯಿಲೆ ಬಂದಿದ್ದರೆ ಮಗಳು ಅದಕ್ಕಿಂತ ಹತ್ತು ವರ್ಷ ಮೊದಲೇ, ಅಂದರೆ 35ಕ್ಕೇ ಡಾಕ್ಟರ ಜೊತೆ ತಪಾಸಣೆಯ ಬಗ್ಗೆ ಮಾತಾಡುವುದು ಒಳ್ಳೆಯದು. ಹಾಗಂತ ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಕಾಯಿಲೆ ಬಂದವರಲ್ಲಿ ಹೆಚ್ಚಿನವರ ಮನೆಯಲ್ಲಿ ಮೊದಲು ಯಾರಿಗೂ ಇರುವುದಿಲ್ಲ.

ಇನ್ನೊಂದು ಮಾತು ಅಮ್ಮಂದಿರ ಬಾಯಲ್ಲಿ ತುಂಬಾ ಕೇಳುತ್ತೇನೆ: ‘ನಾನು ಮಕ್ಕಳಿಗೆಲ್ಲ ಎದೆಹಾಲು ಕೊಟ್ಟಿದ್ದೇನೆ, ನನಗೆ ಬರಲ್ಲ.’ ಹಾಲೂಡಿಸಿದರೆ ಅಪಾಯ ಕಡಿಮೆಯಾಗುವುದು ನಿಜ. ಒಟ್ಟು 12 ತಿಂಗಳು ಹಾಲೂಡಿಸಿದರೆ ಸುಮಾರು ಶೇ 4ರಷ್ಟು ಇಳಿಯುತ್ತದೆ. ಇಳಿಯುತ್ತದೆ ಅಷ್ಟೇ, ಇಲ್ಲವಾಗುವುದಿಲ್ಲ.

ಎರಡನೇ ಹೆಜ್ಜೆ: ಕನ್ನಡಿ ಮುಂದೆ ಐದು ನಿಮಿಷ

ಮುಟ್ಟು ಶುರುವಾಗಿ ಏಳರಿಂದ ಹತ್ತು ದಿನದ ಹೊತ್ತಿಗೆ ಸ್ತನ ಮೆತ್ತಗಿರುತ್ತದೆ. ನೋಡಿಕೊಳ್ಳಲು ಅದೇ ಸರಿಯಾದ ಸಮಯ. ಮುಟ್ಟು ನಿಂತವರು ತಿಂಗಳಿಗೊಂದು ತಾರೀಖು ಗೊತ್ತು ಮಾಡಿಕೊಳ್ಳಿ. ಮೊದಲು ಕೈ ಇಳಿಬಿಟ್ಟು, ಆಮೇಲೆ ಕೈ ಮೇಲೆತ್ತಿ ಕನ್ನಡಿಯಲ್ಲಿ ನೋಡಿ. ಒಂದು ಕಡೆ ಚರ್ಮ ಒಳಕ್ಕೆ ಎಳೆದಂತಿದೆಯೇ? ಚರ್ಮ ದಪ್ಪಗಾಗಿ ಸಣ್ಣ ಸಣ್ಣ ಕುಳಿ ಬಿದ್ದಿದೆಯೇ? ಮೊದಲು ಸರಿಯಿದ್ದ ತೊಟ್ಟು ಈಗ ಒಳಕ್ಕೆ ಹೋಗಿದೆಯೇ? ತೊಟ್ಟಿನ ಸುತ್ತ ವಾಸಿಯಾಗದ ಕಜ್ಜಿ ಇದೆಯೇ? ತಾನಾಗಿಯೇ ರಕ್ತ ಅಥವಾ ನೀರು ಬರುತ್ತಿದೆಯೇ?

ಆಮೇಲೆ ಮಲಗಿ, ಒಂದು ಕೈ ತಲೆಯ ಹಿಂದೆ ಇಟ್ಟು, ಇನ್ನೊಂದು ಕೈಯ ನಡುವಿನ ಮೂರು ಬೆರಳು ಜೋಡಿಸಿ ಸಣ್ಣ ಸಣ್ಣ ವೃತ್ತದಲ್ಲಿ ಒತ್ತುತ್ತಾ ಹೋಗಿ. ಚಿವುಟಬೇಡಿ. ಬೆರಳ ತುದಿಯಲ್ಲ, ಬೆರಳಿನ ಒಳಮೈ ಮುಟ್ಟಬೇಕು. ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಜೋರಾಗಿ, ಕೊನೆಗೆ ಪಕ್ಕೆಲುಬು ಸಿಗುವಷ್ಟು. ಕೊರಳೆಲುಬಿನಿಂದ ಬ್ರಾ ಪಟ್ಟಿಯವರೆಗೆ, ಎದೆಯ ನಡುವಿನಿಂದ ಕಂಕುಳವರೆಗೆ ಎಲ್ಲವನ್ನೂ ನೋಡಿ. ಟಿವಿ ನೋಡುತ್ತಾ ಹೆಣೆಯುವವರಿಗೆ ಒಂದು ಕುಣಿಕೆ ಜಾರಿದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ, ಅಲ್ವಾ? ಅದು ಅಭ್ಯಾಸದಿಂದ ಬಂದದ್ದು. ನಿಮ್ಮ ಎದೆ ಸಾಮಾನ್ಯವಾಗಿ ಹೇಗಿರುತ್ತದೆ ಎಂದು ಬೆರಳಿಗೆ ಪರಿಚಯ ಇದ್ದರೆ ಹೊಸದೇನಾದರೂ ಬಂದಾಗ ತಿಳಿಯುವುದೂ ಹಾಗೆಯೇ.

ಆದರೆ ಇಲ್ಲಿಗೇ ನಿಲ್ಲಿಸುವಂತಿಲ್ಲ. ಚೀನಾದ ಶಾಂಘೈನಲ್ಲಿ 1989ರಿಂದ ಜವಳಿ ಕಾರ್ಖಾನೆಗಳ ಸುಮಾರು 2.66 ಲಕ್ಷ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ದೊಡ್ಡದೊಂದು ಅಧ್ಯಯನ ನಡೆಯಿತು. ಅರ್ಧದಷ್ಟು ಜನರಿಗೆ ಸ್ವಂತ ಕೈಯಿಂದ ಪರೀಕ್ಷೆ ಮಾಡಿಕೊಳ್ಳುವುದನ್ನು ಕಲಿಸಿದರು, ಉಳಿದವರಿಗೆ ಕಲಿಸಲಿಲ್ಲ. 2002ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪಿನಲ್ಲಿ ಸಾವಿನ ಪ್ರಮಾಣ ಒಂದೇ ಆಗಿತ್ತು. ನಮ್ಮ ಕೈಯಷ್ಟನ್ನೇ ನಂಬಿ ಕೂರಬಾರದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಏನಾದರೂ ಸಿಕ್ಕಿದರೆ ಆ ವಾರವೇ ತೋರಿಸಲು ಕನ್ನಡಿ ನೆರವಾಗುತ್ತದೆ. ತಪಾಸಣೆಯ ಜಾಗವನ್ನು ಅದು ತುಂಬಲಾರದು.

ಬಾಣಂತಿಯರಿಗೆ ಒಂದು ಮಾತು. ಹಾಲು ಕಟ್ಟಿ ಗಂಟಾಗುವುದು ಸಾಮಾನ್ಯ. ಎರಡು ವಾರವಾದರೂ ಕರಗದಿದ್ದರೆ ಹಾಲಿನ ಗಂಟೇ ಇರಬೇಕು ಅಂತ ಸುಮ್ನೆ ಇರಬೇಡಿ, ತೋರಿಸಿ.

ಮೂರನೇ ಹೆಜ್ಜೆ: ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ

ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ತರಬೇತಿ ಪಡೆದ ಸಿಬ್ಬಂದಿಯಿಂದ ಸ್ತನ ಪರೀಕ್ಷೆ ಇದೆ. ಇದು ಉಚಿತ. ಪ್ರಾಥಮಿಕ ಆರೋಗ್ಯ ಕೇಂದ್ರ, ಆಯುಷ್ಮಾನ್ ಆರೋಗ್ಯ ಮಂದಿರ, ನಗರಗಳಲ್ಲಾದರೆ ಸರ್ಕಾರದ ‘ನಮ್ಮ ಕ್ಲಿನಿಕ್’, ಎಲ್ಲಿಯಾದರೂ ಕೇಳಬಹುದು. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ವಿಚಾರಿಸುತ್ತಾರೆ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ‘ಅಕ್ಕ, ನಿಮ್ಮದು ಚೆಕಪ್ ಆಗಿದೆಯಾ?’ ಎಂದರೆ ‘ಅತ್ತೆಯವರ ಬಿಪಿ ನೋಡಿ’ ಅಂತ ಹೇಳಿ ಒಳಗೆ ಹೋಗಬೇಡಿ. ನಿಮ್ಮ ಪರೀಕ್ಷೆಗೆ ಯಾವ ದಿನ ಬರಬೇಕು ಎಂದು ಆಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಹೆಂಗಸರೇ. ಪರದೆಯ ಹಿಂದೆ, ಐದರಿಂದ ಹತ್ತು ನಿಮಿಷದ ಕೆಲಸ. ಇಷ್ಟರಿಂದ ಏನು ಉಪಯೋಗ ಎನ್ನುವವರಿಗೆ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಕೆಲಸ ಉತ್ತರ ಕೊಡುತ್ತದೆ. 1998ರಲ್ಲಿ ಶುರು ಮಾಡಿ, ಮುಂಬೈಯ ಕೊಳೆಗೇರಿಗಳ ಸುಮಾರು 1.5 ಲಕ್ಷ ಹೆಂಗಸರನ್ನು ಅವರು 20 ವರ್ಷ ಗಮನಿಸಿದರು. ಎರಡು ವರ್ಷಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಪರೀಕ್ಷೆ ಮಾಡಿದ ಗುಂಪಿನಲ್ಲಿ ಕಾಯಿಲೆ ಮೊದಲ ಹಂತಗಳಲ್ಲೇ ಹೆಚ್ಚಾಗಿ ಸಿಕ್ಕಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾಯುವುದು ಸುಮಾರು ಶೇ 30ರಷ್ಟು ಇಳಿಯಿತು. 50ರ ಒಳಗಿನವರಲ್ಲಿ ಸಾವು ಅಷ್ಟು ಇಳಿಯಲಿಲ್ಲ ಎನ್ನುವುದನ್ನೂ ಹೇಳಬೇಕು. ದುಬಾರಿ ಯಂತ್ರ ಇಲ್ಲದೆ ಆಗಿರುವ ಕೆಲಸ ಇದು. ನನಗಂತೂ ಇದು ತುಂಬಾ ದೊಡ್ಡ ವಿಷಯ ಅನ್ನಿಸುತ್ತದೆ.

ನಾಲ್ಕನೇ ಹೆಜ್ಜೆ: ಮ್ಯಾಮೊಗ್ರಾಂ

ಮ್ಯಾಮೊಗ್ರಾಂ ಎಂದರೆ ಸ್ತನದ ಎಕ್ಸ್‌ರೇ. ಕೈಗೆ ಸಿಗದಷ್ಟು ಸಣ್ಣದೂ ಇದರಲ್ಲಿ ಕಾಣಬಹುದು. ನಮ್ಮಲ್ಲಿ ಎಲ್ಲರನ್ನೂ ಕರೆದು ಮ್ಯಾಮೊಗ್ರಾಂ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಇಲ್ಲ. ನಾವೇ ಕೇಳಿ ಮಾಡಿಸಿಕೊಳ್ಳಬೇಕು. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ 40ರಿಂದ 74 ವಯಸ್ಸಿನವರಿಗೆ ಎರಡು ವರ್ಷಕ್ಕೊಮ್ಮೆ ಎಂದು ಹೇಳಿತು. ಬ್ರಿಟನ್‌ನಲ್ಲಿ 50ರಿಂದ, ಮೂರು ವರ್ಷಕ್ಕೊಮ್ಮೆ. ನಮ್ಮ ಹೆಂಗಸರಿಗೆ ಈ ಕಾಯಿಲೆ ಪಶ್ಚಿಮದವರಿಗಿಂತ ಕಡಿಮೆ ವಯಸ್ಸಿನಲ್ಲಿ ಬರುತ್ತಿರುವುದರಿಂದ 40 ತುಂಬಿದ ವರ್ಷವೇ ಡಾಕ್ಟರನ್ನು ಕೇಳುವುದು ಸರಿ ಎನ್ನುವುದು ನನ್ನ ಅಭಿಪ್ರಾಯ. 40ರ ಒಳಗಿನವರ ಸ್ತನದ ಅಂಗಾಂಶ ಸಾಮಾನ್ಯವಾಗಿ ದಟ್ಟವಾಗಿದ್ದು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದಿರುವುದರಿಂದ ಅವರಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್ ಮಾಡುತ್ತಾರೆ.

ಮುಟ್ಟು ಮುಗಿದ ವಾರದಲ್ಲಿ ದಿನ ಗೊತ್ತು ಮಾಡಿ, ನೋವು ಕಡಿಮೆ ಆಗುತ್ತದೆ. ಆ ದಿನ ಸ್ನಾನ ಮಾಡಿ ಹೋಗಿ. ಆದರೆ ಕಂಕುಳಿಗೆ, ಎದೆಗೆ ಪೌಡರ್, ಡಿಯೋಡರೆಂಟ್, ಕ್ರೀಮ್ ಏನೂ ಹಚ್ಚಬೇಡಿ. ಪೌಡರಿನ ಕಣ ಫಿಲ್ಮಿನಲ್ಲಿ ಬಿಳಿ ಚುಕ್ಕೆಯಾಗಿ ಕಂಡು ಸುಮ್ನೆ ಗಾಬರಿ ಹುಟ್ಟಿಸುತ್ತದೆ. ಸೀರೆ-ರವಿಕೆ ಅಥವಾ ಮೇಲೆ ಕೆಳಗೆ ಬೇರೆ ಬೇರೆ ಇರುವ ಬಟ್ಟೆ ಹಾಕಿಕೊಳ್ಳಿ. ಕತ್ತಿನ ಸರ ಮನೆಯಲ್ಲೇ ತೆಗೆದಿಡಿ. ತಾಳಿ ತೆಗೆಯಲು ಮನಸ್ಸಾಗದಿದ್ದರೆ ಸಿಬ್ಬಂದಿಗೆ ಹೇಳಿ, ಬೆನ್ನ ಹಿಂದಕ್ಕೆ ಸರಿಸಬಹುದಾ ಎಂದು ಕೇಳಿ. ಹಳೆಯ ರಿಪೋರ್ಟ್, ಫಿಲ್ಮ್ ಇದ್ದರೆ ಮರೆಯದೆ ಒಯ್ಯಿರಿ. ಹೋದ ಸಲದ ಚಿತ್ರದ ಜೊತೆ ಹೋಲಿಸಿ ನೋಡಿದರೆ ಹೊಸತು ಯಾವುದು, ಹಳತು ಯಾವುದು ಎಂದು ತಿಳಿಯುತ್ತದೆ.

ಒಳಗೆ ಏನಾಗುತ್ತದೆ? ಸೊಂಟದವರೆಗೆ ಬಟ್ಟೆ ತೆಗೆದು ಯಂತ್ರದ ಮುಂದೆ ನಿಲ್ಲಬೇಕು. ಅಲ್ಲಿಯವರು ಸ್ತನವನ್ನು ಒಂದು ತಟ್ಟೆಯ ಮೇಲೆ ಇಟ್ಟು, ಮೇಲಿನಿಂದ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ ಇಳಿಸಿ ಅದುಮುತ್ತಾರೆ. ತಟ್ಟೆ ತಣ್ಣಗಿರುತ್ತದೆ. ಜೋರಾಗಿಯೇ ಅದುಮುತ್ತದೆ, ಕೆಲವರಿಗೆ ನೋವೂ ಆಗುತ್ತದೆ. ಆದರೆ ಒಂದೊಂದು ಸಲ ಕೆಲವೇ ಸೆಕೆಂಡು. ಹೀಗೆ ಮೇಲಿನಿಂದ ಒಂದು, ಓರೆಯಾಗಿ ಒಂದು, ಎರಡೂ ಕಡೆ ಸೇರಿ ನಾಲ್ಕು ಚಿತ್ರ. ಅದುಮಿದರೆ ಒಳಗಿನದು ಹರಡಿಕೊಂಡು ಸ್ಪಷ್ಟವಾಗಿ ಕಾಣುತ್ತದೆ, ವಿಕಿರಣವೂ ಕಡಿಮೆ ಸಾಕಾಗುತ್ತದೆ. ಉಸಿರು ಹಿಡಿಯಿರಿ ಎಂದಾಗ ಅಲುಗಾಡಬೇಡಿ. ಸಂಕೋಚವಾಗುತ್ತಿದ್ದರೆ ಹೆಂಗಸರೇ ಇರಲಿ ಎಂದು ಮೊದಲೇ ಹೇಳಿ. ಅದನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ವಿಕಿರಣದ ಭಯ ಬೇಡ. ಒಂದು ಮ್ಯಾಮೊಗ್ರಾಂನಲ್ಲಿ ಸಿಗುವುದು ನಮ್ಮ ಸುತ್ತಲಿನ ಪರಿಸರದಿಂದ ಸುಮಾರು ಏಳು ವಾರದಲ್ಲಿ ಮೈಗೆ ತಗಲುವಷ್ಟೇ.

ಹೊರಗೆ ಕಾಯುವ ಹೊತ್ತೇ ಜಾಸ್ತಿ. ಚೀಲದಲ್ಲಿ ಕಡ್ಡಿ, ಉಲ್ಲನ್ ಇರಲಿ. ಡಿಸೈನ್ ಲೆಕ್ಕ ಇಡಬೇಕಾದ್ದು ಬೇಡ, ಆ ದಿನ ಲೆಕ್ಕ ತಪ್ಪುತ್ತದೆ. ಸಾದಾ ಮಫ್ಲರ್ ಸಾಕು.

ಐದನೇ ಹೆಜ್ಜೆ: ರಿಪೋರ್ಟ್ ಓದುವುದು

ರಿಪೋರ್ಟಿನ ಕೊನೆಯಲ್ಲಿ ‘ಬೈರಾಡ್ಸ್’ (BI-RADS) ಎಂದು ಬರೆದು ಒಂದು ಸಂಖ್ಯೆ ಇರುತ್ತದೆ. 1 ಎಂದರೆ ಏನೂ ಇಲ್ಲ. 2 ಎಂದರೆ ಏನೋ ಇದೆ, ಆದರೆ ಕ್ಯಾನ್ಸರ್ ಅಲ್ಲ. 3 ಎಂದರೆ ಬಹುತೇಕ ತೊಂದರೆಯಿಲ್ಲ, ಆರು ತಿಂಗಳಿಗೆ ಮತ್ತೆ ನೋಡೋಣ. 4 ಮತ್ತು 5ಕ್ಕೆ ಸೂಜಿ ಪರೀಕ್ಷೆ ಬೇಕು. 0 ಎಂದರೆ ಚಿತ್ರ ಸಾಲದು, ಇನ್ನಷ್ಟು ತೆಗೆಯಬೇಕು. 0 ನೋಡಿ ಏನೂ ಇಲ್ಲ ಎಂದುಕೊಂಡು ಮನೆಗೆ ಬರುವವರಿದ್ದಾರೆ, ಹಾಗೆ ಮಾಡಬೇಡಿ. ಮತ್ತೆ ಕರೆದರೆ ಹೆದರಲೂ ಬೇಡಿ, ಹಾಗೆ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ರಿಪೋರ್ಟ್ ಚೆನ್ನಾಗಿ ಬಂದ ಮೇಲೂ ಹೊಸ ಗಂಟು ಕಂಡರೆ ತೋರಿಸಲೇಬೇಕು, ಮ್ಯಾಮೊಗ್ರಾಂಗೂ ಕೆಲವು ತಪ್ಪಿಸಿಕೊಳ್ಳುತ್ತವೆ.

ಸೂಜಿ ಪರೀಕ್ಷೆ ಹೇಳಿದರೆ ಮನೆಯಲ್ಲಿ ಯಾರಾದರೂ ‘ಸೂಜಿ ಹಾಕಿದರೆ ಹರಡುತ್ತದೆ’ ಎಂದೇ ಎನ್ನುತ್ತಾರೆ. ಇದಕ್ಕೆ ಹೆದರಿ ಪರೀಕ್ಷೆ ತಪ್ಪಿಸಬೇಡಿ. ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸಣ್ಣ ಚೂರು ತೆಗೆಯುತ್ತಾರೆ, ಅದೇ ದಿನ ಮನೆಗೆ ಬರಬಹುದು. ಪರೀಕ್ಷೆ ಇಲ್ಲದೆ ನೇರವಾಗಿ ಗಂಟನ್ನೇ ಕೊಯ್ದು ತೆಗೆಯೋಣ ಎಂದು ಯಾರಾದರೂ ಅಂದರೆ ಒಪ್ಪುವ ಮೊದಲು ಕ್ಯಾನ್ಸರ್ ತಜ್ಞರನ್ನು ಕಾಣಿ. ಗಂಟು ಏನೆಂದು ತಿಳಿದ ಮೇಲೆ ಚಿಕಿತ್ಸೆಯ ಕ್ರಮ ಗೊತ್ತು ಮಾಡಬೇಕು. ಸ್ತನ ಉಳಿಸಿಕೊಳ್ಳುವ ಅವಕಾಶವೂ ಅಲ್ಲೇ ಇರುತ್ತದೆ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಮುಂದಿನ ದಾರಿ ತೋರಿಸುತ್ತಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಗೆಳತಿಗಾಗಿ ಹೆಣೆಯುವುದಾದರೆ

ಸ್ತನ ತೆಗೆಸಿಕೊಂಡವರಿಗೆ ನೂಲಿನಲ್ಲಿ ಹೆಣೆದ ಕೃತಕ ಸ್ತನ ಮಾಡಿಕೊಡುವ ಕೆಲಸ ಅಮೆರಿಕದಲ್ಲಿ ‘ನಿಟೆಡ್ ನಾಕರ್ಸ್’ ಹೆಸರಿನಲ್ಲಿ ಶುರುವಾಯಿತು. ಮುಂಬೈಯ ಸಾಯಿಶಾ ಇಂಡಿಯಾ ಫೌಂಡೇಶನ್ ಇದನ್ನು ನಮ್ಮಲ್ಲೂ ಉಚಿತವಾಗಿ ಕೊಡುತ್ತಿದೆ. ಹೆಣೆಯುವವರು ಸ್ವಯಂಸೇವಕರು.

ಇದಕ್ಕೆ ಉಲ್ಲನ್ ಬೇಡ. ಬೆವರಿಗೆ ಚುಚ್ಚುತ್ತದೆ, ಗಾಯದ ಕಲೆ ಇರುವ ಚರ್ಮಕ್ಕೆ ತುರಿಕೆ. ಮೆತ್ತನೆಯ ಹತ್ತಿ ನೂಲೇ ಆಗಬೇಕು. ದುಂಡಗೆ ಹೆಣೆದು, ಒಳಗೆ ತಲೆದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ತುಂಬಿ, ಹಿಂಭಾಗದಲ್ಲಿ ಬಿಚ್ಚಿ ಕಟ್ಟುವ ಹಾಗೆ ದಾರ ಬಿಡಿ. ಹಾಕಿಕೊಳ್ಳುವವರು ತಮಗೆ ಬೇಕಾದಷ್ಟು ಹತ್ತಿ ತೆಗೆದು ಸರಿಮಾಡಿಕೊಳ್ಳುತ್ತಾರೆ. ದಿನಾ ಹಾಕುವ ಬ್ರಾದೊಳಗೇ ಕೂರುತ್ತದೆ. ಗಾಯ ಮಾಗಿ, ಡಾಕ್ಟರ್ ಸರಿ ಎಂದ ಮೇಲೆ ಕೊಡಿ. ಅಳತೆಯನ್ನು ಸಂಕೋಚವಿಲ್ಲದೆ ಕೇಳಿ, ಮತ್ತು ಒಂದೇ ಅಳತೆಯವು ಎರಡು ಮಾಡಿ. ಒಂದು ಒಗೆದು ಒಣಗುವವರೆಗೆ ಹಾಕಿಕೊಳ್ಳಲು ಇನ್ನೊಂದು ಬೇಕಲ್ಲ.